ದೀಪ ನಂಬರು ೧೧೭

ಮೂರು ದಿನದಿಂದ ಹಿಂಗ.
ಹೊಲಿಗಿ ಮಶಿನ್ನಿನ ಮ್ಯಾಲಿನ ದೀಪ
ಒಮ್ಮೆ ಕಣ್ಣ ಪಿಳುಕಸ್ತದ, ಒಮ್ಮೆ ಸುಮ್ಮನಾಗ್ತದ.
ನೂರಾ ನಲವತ್ತು ಸಾಲಿ ಅಂಗಿ ಸೋಮವಾರಕ್ಕ ಕೊಡೂದದ,
ಕಾಲರು ಒಂದ ಕಡಿ ವಾರಿ ಕೂಡತಾವ.

ಬಲ್ಬ ಬದಲಿ ಮಾಡಿ ನೋಡಿದೆ. ಅದೇ ಆಟ.
ಬಾಜೂಕಿನ ಶಕುಬಾಯಿ ಮನಿ ಬಲ್ಬ ಬೇಡಿ ತಂದು ಹಾಕಿದೆ.
ಅಲ್ಲಿ ಶಾಣ್ಯಾನಂಗ ಉರಿಯೂ ಬಲ್ಬ
ಇಲ್ಲಿ ಬಂದು ಕುಣೀತು.
ಅಂದ್ರ ರೋಗ ಬಲ್ಬಿಂದಲ್ಲ.

ವಾಯರಮನ್ ಅಂಬಾದಾಸ ಫೋನ ಎತ್ತಿ
"ಉದ್ಯಾ ಬರ್ತೀನ್ರಿ ವೈನಿ" ಅಂದ.
ಉದ್ಯಾ ಅಂದ್ರ ಮರಾಠಿಯೊಳಗ ನಾಳೆ,
ನಮ್ಮ ಓಣ್ಯಾಗ ಮುಂದಿನ ಹುಣ್ಣಿವಿ.

ಟೇಬಲ್ಲಿನ ಮ್ಯಾಲ ಸ್ಟೂಲು, ಸ್ಟೂಲಿನ ಮ್ಯಾಲ ಬರಿಗಾಲಿಲೆ ನಾನು.
ಕೆಳಗ ಮಗಳು ಭಾಗ್ಯವಂತಿ
ಮೊಬೈಲ್ ಬೆಳಕು ಹಿಡದು ನಿಂತಾಳ.
ಏಳನೇತ್ತಾ ಓದ್ತಾಳ, ಮರಾಠಿ ಸಾಲಿ.
"ಆಯಿ, ಪರಿಪಥ ಎಲ್ಲೋ ತುಂಡಾಗ್ಯಾದ."
ಪರಿಪಥ ಅಂದ್ರ ಏನವಾ?
"ಹೋದ ಕರಂಟು ತಿರುಗಿ ಬರೂ ದಾರಿ."
ಹಂಗ ಅನ್ನು. ಹೋಗಿ ಬರೂದು.

ಸ್ವಿಚ್ಚು ಆರಿಸೀನಿ.
ಆದ್ರೂ ಹೋಲ್ಡರಿನ ಪಿನ್ನಿಗೆ ಟೆಸ್ಟರ್ ಮುಟ್ಟಿಸಿದ್ರ
ಒಳಗ ಕೆಂಡದ ಹುಳ ಎದ್ದು ಕೂಡತದ.
ಇಳದೆ. ಸ್ವಿಚ್ಚು ನೋಡಿದೆ. ಆರೇದ.
ಮತ್ತ ಏರಿದೆ. ಹುಳ ಅಲ್ಲೇ ಅದ.

ಹಂಗಾರ ಇಷ್ಟ ವರ್ಷ ಈ ಸ್ವಿಚ್ಚು
ಬರೂ ದಾರಿ ಬಿಟ್ಟು ಹೋಗೂ ದಾರಿಗೆ ಅಗಳಿ ಹಾಕತಿತ್ತು.
ದೀಪ ಆರಿದ್ರೂ ಕರಂಟು ಬಾಗಿಲದಾಗ ನಿಂತಿರತಿತ್ತು,
ಮುಟ್ಟಿದಾವರ ಕೈ ಹಿಡೀಲಿಕ್ಕೆ.

ಪಿಂಗಾಣಿ ಫ್ಯೂಜು ಕಿತ್ತಿ ಸೊಂಟಕ್ಕ ಸಿಗಿಸಿಕೊಂಡೆ,
ನಡಬರಕ ಯಾರೂ ಹಾಕಬಾರದಂತ.

ಈ ದೀಪ ಮಾವ ತಂದದ್ದು.
ಸೊಲ್ಲಾಪುರದಾಗ ಗಿರಣಿ ಒಂದೊಂದ ಮುಚ್ಚೂ ಮುಂದ
ಬಾಕಿ ಪಗಾರ ಕೈಗೆ ಬರಲಿಲ್ಲ,
ಲಿಲಾವದಾಗ ಇದನ್ನ ಹಿಡಕೊಂಡು ಬಂದ.
ಹೊರಗ ಹಸರು, ಒಳಗ ಬಿಳಿ, ತಗಡಿನ ಟೊಪಿಗಿ.
ಅಂಚಿಗೆ ಬಣ್ಣದಾಗ ಬರದದ: ಮಾಗ ಖಾತೆ, ೧೧೭.
ತಾನ ತಂತಿ ಎಳದ, ತಾನ ಗೂಟ ಬಡದ.
ಎರಡೂ ತಂತಿ ಕರಿ ಬಣ್ಣ. ಯಾವುದು ಯಾವುದು ಅಂತ
ಆ ದಿನ ಅಂವಗ ಹೆಂಗ ತಿಳೀಬೇಕು?

ಮೂವತ್ತು ವರ್ಷ ಯಾರಿಗೂ ಮುಟ್ಟಗೊಡಲಿಲ್ಲ ರೇವಣಸಿದ್ಧ ಮಾವ.
ಬಲ್ಬ ಹೋದ್ರ, "ನಾ ಬರೂತನಕ ಕತ್ತಲದಾಗ ಕೂಡ್ರಿ."
ಜಂಭ ಅಂದೆವು. ಗಿರಣಿ ಜಾಬರನ ಜಂಭ.

ಸ್ಕ್ರೂ ಜಂಗ ಹಿಡದಾವ.
ಮಶಿನ್ ಎಣ್ಣಿ ಎರಡು ಹನಿ ಬಿಟ್ಟು, ನೂರು ಎಣಿಸಿ, ತಿರುವಿದೆ.
ದುಂಡನ ಕಟ್ಟಿಗಿ ಕಿತ್ತು ಬಂತು, ಹಿಂದ ಸುಣ್ಣದ ಪುಡಿ,
ಹಲ್ಲಿ ತತ್ತಿಯ ಸಿಪ್ಪಿ,
ತಂತಿ ಮ್ಯಾಲಿನ ರಬ್ಬರ ಕೈಯಾಗ ಚಕ್ಕುಲಿಯಂಗ ಮುರೀತು.
ಇಲ್ಲೇ ಇತ್ತು ಕಣ್ಣ ಪಿಳುಕು.
ಮಾಳಿಗಿಗೆ ಒಂದು ದುಂಡನ ನೀಲಿ ಉಳೀತು,
ನಾ ಈ ಮನಿಗೆ ಬರೂಕಿಂತ ಮೊದಲಿನ ಬಣ್ಣ.

ಟೊಪಿಗಿ ಕೆಳಗ ಕೊಡೂ ಮುಂದ ನೆನಪಾತು.
ಹೊಸ್ತಿಲ ಒಳಗ ಚಪ್ಪಲಿ ಕಂಡ್ರ
ಓಣಿ ಕೇಳೂಹಂಗ ಒದರೂ ಮನಷ್ಯಾ
ಬಲ್ಬ ಹಾಕೂ ದಿನ ಮಾತ್ರ
ರಬ್ಬರ ಚಪ್ಪಲಿ ಮೆಟ್ಟಿಕೊಂಡು ಈ ಸ್ಟೂಲು ಏರತಿದ್ದ.
ಅತ್ತಿ ಬೈತಿದ್ದಳು. ಅಂವ ಕೇಳದಂಗ
ಏನೋ ಗುಣುಗತಿದ್ದ.

ನಿಂತಲ್ಲೇ ನಿಂತೆ ಒಂದೀಟು.
ಗೊತ್ತಿತ್ತು ಅಂವಗ.

ತಪ್ಪಾಗ್ಯಾದ ಅಂತ ಹೇಳೂಕಿಂತ
ಮೂವತ್ತು ವರ್ಷ ತಾನ ಏರೂದು ಸಸಾರ ಇತ್ತೇನೋ.
"ಆಯಿ, ನನ್ನ ಕೈ ಸೋತದ" ಅಂದಳು ಭಾಗೂ.

ಬೋರ್ಡು ಬಿಚ್ಚಿದೆ.
ಸ್ವಿಚ್ಚಿನ ತಂತಿ ಆ ಕಡಿ, ದೀಪದ ತಂತಿ ಈ ಕಡಿ.
ಫ್ಯೂಜು ಹಾಕಿ, ಸ್ವಿಚ್ಚು ಆರಿಸಿ, ಈ ಸಲ ಚಪ್ಪಲಿ ಮೆಟ್ಟಿ ಏರಿ
ಎರಡೂ ತುದಿಗೆ ಟೆಸ್ಟರ್ ಹಿಡದೆ.
ಹುಳ ಏಳಲಿಲ್ಲ.
ಇಷ್ಟ ಇತ್ತ ಮಾವಾ, ಎರಡು ಸ್ಕ್ರೂ.

ಫ್ಯೂಜು ಮತ್ತ ಕಿತ್ತಿ, ತುದಿಗೆ ಬ್ಯಾರೆ ಬ್ಯಾರೆ ಟೇಪ ಸುತ್ತಿ ಇಳದೆ.
ಹೊಸಾದು ತರೂತನಕ
ಮಶಿನ್ ಅಡಿಗಿಮನಿ ದೀಪದ ಕೆಳಗ ಎಳಕೊಂಡೆ.
ನೂರಾ ನಲವತ್ತರಾಗ
ಇನ್ನ ಎಂಬತ್ತಾರು ಕಾಲರು.